ಮೂರನೇ ಸುತ್ತಿನ ಮುಖ

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಮ್ಯಾಟ್ ಮೇಲೆ ಜಾಗ ಇದೆ. ಚಪ್ಪಲಿ ಮಾತ್ರ ಹೊರಗೇ ಇರಲಿ.

ನನಗೆ ಕೊಟ್ಟಿರುವ ವಿಷಯ, ಮುಷ್ಟಿ, ಮೊಣಕೈ, ಮಂಡಿ, ಕಾಲು ಎಲ್ಲದರಿಂದಲೂ ಹೊಡೆಯುವ ಥೈಲ್ಯಾಂಡಿನ ಕಾದಾಟದ ಆಟ ಮುಯ್ ಥಾಯ್‌ನ ಶೈಲಿಗಳು ಮತ್ತು ಅವುಗಳ ಅಭ್ಯಾಸ. ಕೊಟ್ಟಿರುವ ಸಮಯ ಮೂವತ್ತು ನಿಮಿಷ. ಎರಡಕ್ಕೂ ತಾಳೆ ಆಗುವುದಿಲ್ಲ ಅಂತ ಸಂಘಟಕರಿಗೆ ಮೊದಲೇ ಹೇಳಿದ್ದೆ. ನೋಡೋಣ.

ಕಳೆದ ತಿಂಗಳು ಒಬ್ಬ ಹುಡುಗ ನನ್ನ ಹತ್ತಿರ ಬಂದ. ಜಿಮ್ ಸೇರಿ ಮೂರು ವಾರ. "ಸರ್, ನನ್ನದು ಮುಯ್ ಫೀಮೂ, ಅಂದರೆ ಕೈಚಳಕದ ಶೈಲಿ. ಅದನ್ನೇ ಹೇಳಿಕೊಡಿ" ಅಂದ. ಅವನಿಗೆ ಇನ್ನೂ ಕೈಪಟ್ಟಿ ಸುತ್ತಿಕೊಳ್ಳಲು ಬರುವುದಿಲ್ಲ. ಅಮ್ಮ ಸುತ್ತಿ ಕಳಿಸುತ್ತಾರೆ. ನಗಬೇಡಿ, ಚೆನ್ನಾಗೇ ಸುತ್ತುತ್ತಾರೆ. ಅವತ್ತು ನಾನು "ಆಮೇಲೆ ನೋಡೋಣ, ಹೋಗಿ ಹಗ್ಗ ಹಾರು" ಅಂದು ಕಳಿಸಿಬಿಟ್ಟೆ. ಅದು ಉತ್ತರ ಅಲ್ಲ, ತಪ್ಪಿಸಿಕೊಳ್ಳುವುದು. ಅವನು ಇವತ್ತು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾನೆ. ಹೆಸರು ಹೇಳುವುದಿಲ್ಲ, ಗಾಬರಿಯಾಗಬೇಡ ಮರಿ.

ನನ್ನ ಉತ್ತರ ಇಷ್ಟು: ಶೈಲಿ ನೀನು ಆರಿಸಿಕೊಳ್ಳುವ ವಸ್ತು ಅಲ್ಲ. ಮೂರನೇ ಸುತ್ತಿನಲ್ಲಿ, ಉಸಿರು ಮೇಲೆ ಬಂದು, ಕಾಲು ಕಲ್ಲಾದಾಗ ನಿನ್ನಿಂದ ಏನು ಹೊರಗೆ ಬರುತ್ತದೋ ಅದು ನಿನ್ನ ಶೈಲಿ.

ಮೂರನೇ ಸುತ್ತೇ ಯಾಕೆ? ಬ್ಯಾಂಕಾಕ್‌ನ ರಾಜದಮ್ನೂನ್, ಲುಂಪಿನಿ ಸ್ಟೇಡಿಯಂಗಳ ಹಳೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಐದು ಸುತ್ತು, ಮೂರು ಮೂರು ನಿಮಿಷ, ನಡುವೆ ಎರಡು ನಿಮಿಷ ವಿರಾಮ. ಮೊದಲ ಎರಡು ಸುತ್ತು ಇಬ್ಬರೂ ಸುಮ್ನೆ ಅಳೆದು ನೋಡುತ್ತಾರೆ. ಮೊದಲ ಸಲ ನೋಡಿದ ನಮ್ಮವರಿಗೆ ಇವರು ದುಡ್ಡು ತಗೊಂಡು ಮಲಗಿದ್ದಾರಾ ಅನ್ನಿಸುತ್ತದೆ. ಬಾಜಿ ಕಟ್ಟುವವರು ಮೆಟ್ಟಿಲ ಮೇಲೆ ಬೆರಳು ಎತ್ತಿ ಎತ್ತಿ ಸನ್ನೆ ಮಾಡುತ್ತಿರುತ್ತಾರೆ. ಮೂರನೇ ಸುತ್ತಿಗೆ, ಪಂದ್ಯದ ಜೊತೆ ನುಡಿಸುವ ವಾದ್ಯದ ಲಯ ಬಿಗಿಯಾಗುತ್ತದೆ, ಹೊಡೆದಾಟವೂ ಬಿಗಿಯಾಗುತ್ತದೆ. ಮೂರು, ನಾಲ್ಕರಲ್ಲೇ ತೀರ್ಮಾನ. ಐದರಲ್ಲಿ, ಪಾಯಿಂಟಿನಲ್ಲಿ ಮುಂದಿರುವವನು ಹಿಂದೆ ಹಿಂದೆ ಹೆಜ್ಜೆ ಹಾಕಿ ಗೆಲುವನ್ನು ಕಾಪಾಡಿಕೊಳ್ಳುತ್ತಾನೆ.

ಈಗ ಶೈಲಿಗಳು. ಮುಯ್ ಖಾವ್ ಅಂದರೆ ಮಂಡಿಯವನು. ಹತ್ತಿರ ಬಂದು, ಕತ್ತು ಹಿಡಿದು, ಮಂಡಿ ಹಾಕುವವನು. ಮುಯ್ ತೆ, ಒದೆಯವನು. ಮುಯ್ ಮಾತ್, ಮುಷ್ಟಿಯವನು. ಥಾಯ್ ಭಾಷೆಯಲ್ಲಿ 'ಮಾತ್' ಅಂದರೆ ಮುಷ್ಟಿ. ನಮ್ಮಲ್ಲೂ ಮಾತಲ್ಲೇ ಹೊಡೆಯುವವರಿದ್ದಾರೆ, ಅವರು ಬೇರೆ ವಿಭಾಗ. ಇನ್ನು ಮುಯ್ ಫೀಮೂ, ಕೈಚಳಕದವನು. ಎಲ್ಲ ಆಯುಧವೂ ಬರುತ್ತದೆ, ಆದರೆ ಅವನ ನಿಜವಾದ ಆಯುಧ ದೂರ ಮತ್ತು ಸಮಯ. ಫೀಮೂ ಮಾತ್‌ನವನನ್ನು ಆಡಿಸುತ್ತಾನೆ, ಮಾತ್ ಖಾವ್‌ನವನನ್ನು ಕೆಡವುತ್ತಾನೆ, ಖಾವ್ ಫೀಮೂನನ್ನು ಹಿಸುಕುತ್ತಾನೆ ಅಂತ ಜಿಮ್‌ಗಳಲ್ಲಿ ಹೇಳುತ್ತಾರೆ. ಸದಾ ಹೀಗೇ ಆಗುವುದಿಲ್ಲ. ಆದರೆ ಹಾಗೇ ಆದ ಒಂದು ರಾತ್ರಿ ಇದೆ. ಅದನ್ನು ಹೇಳದೆ ನಾನು ಮನೆಗೆ ಹೋಗುವುದಿಲ್ಲ.

1982, ಡಿಸೆಂಬರ್ 24. ರಾಜದಮ್ನೂನ್. ಒಂದು ಕಡೆ ಸಾಮಾರ್ಟ್ ಪಯಾಕರೂನ್. ಆಗ ಅವನಿಗೆ ಇಪ್ಪತ್ತು ವರ್ಷ. ಅಷ್ಟರಲ್ಲೇ ಲುಂಪಿನಿಯಲ್ಲಿ ನಾಲ್ಕು ತೂಕಗಳಲ್ಲಿ ಚಾಂಪಿಯನ್. ಫೀಮೂ ಅಂದರೆ ಯಾರು ಅಂತ ಕೇಳಿದರೆ ಇವತ್ತಿಗೂ ಮೊದಲು ಬರುವ ಹೆಸರು. ಎದುರಾಳಿಯ ಮುಂದೆ ಅಂಗಳದಲ್ಲಿ ಗಾಳಿ ತಗೊಳ್ಳಲು ಬಂದವನ ಹಾಗೆ ನಿಂತಿರುತ್ತಿದ್ದ. ಒದೆ ಬಂದಾಗ ಸೊಂಟದಿಂದ ಮೇಲೆ ಒಂದು ಗೇಣು ಹಿಂದೆ ಬಾಗುವುದು, ಅಷ್ಟೇ. ಒದೆ ಮೂಗಿನ ಮುಂದೆ ಹೋಗುತ್ತಿತ್ತು. ಒದ್ದವನು ತಿರುಗಿ ನಿಲ್ಲುವ ಹೊತ್ತಿಗೆ ಸಾಮಾರ್ಟ್ ಪಾದ ಅವನ ಎದೆ ಮೇಲೆ. ಟೀಪ್, ಅಂದರೆ ತಳ್ಳುವ ಒದೆ.

ಇನ್ನೊಂದು ಕಡೆ ಡೀಸೆಲ್‌ನೋಯಿ. 'ನೋಯಿ' ಅಂದರೆ ಚಿಕ್ಕದು. ಚಿಕ್ಕ ಡೀಸೆಲ್! ಆಳು ಆರಡಿಗಿಂತ ಎತ್ತರ. ನಮ್ಮೂರಲ್ಲಿ ಐದನೇ ಮಗುವಿಗೂ ಸಾಕಮ್ಮ ಅಂತ ಇಟ್ಟು ಆಮೇಲೆ ಇನ್ನೂ ಮೂರು ಹೆರುತ್ತಿದ್ದರಲ್ಲ, ಹಾಗೆ. ಅವನ ಬಿರುದು ಆಕಾಶ ತೂರುವ ಮಂಡಿಯ ಒಡೆಯ. ಲುಂಪಿನಿಯ ಲೈಟ್‌ವೇಟ್ ಪಟ್ಟ ಅವನ ಹತ್ತಿರ ವರ್ಷಗಟ್ಟಲೆ ಇತ್ತು. ಕೊನೆಗೆ ಎದುರು ನಿಲ್ಲಲು ಯಾರೂ ಸಿಗದೆ ಬಿಟ್ಟುಕೊಟ್ಟ.

ಸಾಮಾರ್ಟ್ ಚಿಕ್ಕವನು, ತೂಕದಲ್ಲೂ ಎತ್ತರದಲ್ಲೂ. ಆದರೆ ಬುದ್ಧಿ? ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಅದೇ, ಚಳಕ ಗೆಲ್ಲುತ್ತದಾ, ಮಂಡಿ ಗೆಲ್ಲುತ್ತದಾ. ಡೀಸೆಲ್‌ನೋಯಿ ಮುಂದೆ ನಡೆದ. ಅಷ್ಟೇ, ನಡೆದ. ಕೈ ಚಾಚಿ ಕತ್ತು ಹುಡುಕುತ್ತಾ, ಸಿಕ್ಕಿದ ಕೂಡಲೇ ಎಳೆದು ಮಂಡಿ. ಮಂಡಿ ಬಿದ್ದಾಗಲೆಲ್ಲ ಥಾಯ್ ಜನ "ಓಯ್" ಅಂತ ಒಟ್ಟಿಗೆ ಕೂಗುತ್ತಾರೆ. ನೀವೊಮ್ಮೆ ಆ ಕೂಗು ಕೇಳಬೇಕು, ಎದೆಗೆ ತಟ್ಟುತ್ತದೆ. ಸಾಮಾರ್ಟ್‌ನಂಥ ಸಾಮಾರ್ಟ್‌ಗೆ ದೂರ ಅನ್ನುವುದೇ ಸಿಗಲಿಲ್ಲ. ಪಾಯಿಂಟ್ ಮೇಲೆ ಡೀಸೆಲ್‌ನೋಯಿ ಗೆದ್ದ.

ನಾನು ಹೇಳಬೇಕಾದದ್ದು ಇದರ ಮುಂದಿನದು. ಸೋತ ಮೇಲೆ ಸಾಮಾರ್ಟ್ ಏನು ಮಾಡಿದ? ನಾನೂ ಮಂಡಿಯವನಾಗುತ್ತೇನೆ ಅಂತ ಹೊರಟನಾ? ಇಲ್ಲ. ಬಾಕ್ಸಿಂಗ್‌ಗೆ ಹೋದ. 1986ರಲ್ಲಿ ಲೂಪೆ ಪಿಂಟೋರ್‌ನನ್ನು ಐದನೇ ಸುತ್ತಿನಲ್ಲಿ ನಾಕೌಟ್ ಮಾಡಿ ಡಬ್ಲ್ಯುಬಿಸಿ, ಅಂದರೆ ವಿಶ್ವ ಬಾಕ್ಸಿಂಗ್ ಮಂಡಳಿಯ ವಿಶ್ವ ಪಟ್ಟ ಗೆದ್ದ. ಒದೆಯೇ ಇಲ್ಲದ ಆಟದಲ್ಲೂ ಅದೇ ಸಾಮಾರ್ಟ್. ಅದೇ ಬಾಗುವುದು, ಅದೇ ಕಾಯುವುದು. ನೋಡಿದ್ರಾ, ಆಟ ಬದಲಾದರೂ ಮನುಷ್ಯ ಬದಲಾಗಲಿಲ್ಲ.

ಹೌದು, ಗಡಿಯಾರ ನೋಡಿದೆ. ಅಭ್ಯಾಸಕ್ಕೆ ಬರುತ್ತೇನೆ.

ನಾನು ಮೊದಲ ಸಲ ಥೈಲ್ಯಾಂಡಿಗೆ ಹೋದಾಗ ತಲೆತುಂಬ ಥಾಯ್ ಹೊಡೆದಾಟಗಾರ ಸೆಂಚಾಯ್ ವಿಡಿಯೋ. ಲಾಗ ಹಾಕಿ ಒದೆಯುತ್ತಾನಲ್ಲ, ಅದೇ. ತಗಡಿನ ಛಾವಣಿಯ ಸಣ್ಣ ಕ್ಯಾಂಪು, ನೋವಿನ ಎಣ್ಣೆಯ ಘಾಟು ಗೋಡೆಗೇ ಹತ್ತಿತ್ತು. ಮೊದಲ ದಿನವೇ ನಾನೂ ಲಾಗ ಹಾಕಿ ತೋರಿಸಿದೆ. ನಮ್ಮ ಕ್ರು, ಅಂದರೆ ಗುರು, ಐವತ್ತು ದಾಟಿದ ಕುಳ್ಳ ಮನುಷ್ಯ. ನಗಲಿಲ್ಲ, ಬಯ್ಯಲಿಲ್ಲ. ಹತ್ತಿರ ಬಂದು ಎರಡು ಕೈಯಲ್ಲಿ ನನ್ನ ಕತ್ತು ಹಿಡಿದ. ಮುಂದಿನ ಇಪ್ಪತ್ತು ನಿಮಿಷ ನಾನು ನೋಡಿದ್ದು ನೆಲವನ್ನು ಮಾತ್ರ.

ನಾನು ತೋಳಿನ ಬಲದಿಂದ ಅವನನ್ನು ಎಳೆಯುತ್ತಿದ್ದೆ. ಅವನು ತೋಳನ್ನು ಬಳಸುತ್ತಲೇ ಇರಲಿಲ್ಲ. ಮೊಣಕೈ ಎರಡೂ ನನ್ನ ಎದೆಗೆ ಒತ್ತಿ ಒಳಗೆ, ಅಂಗೈ ನನ್ನ ತಲೆಯ ಹಿಂಭಾಗದಲ್ಲಿ, ಸೊಂಟ ನನಗೆ ಅಂಟಿಕೊಂಡು, ತುದಿಗಾಲಲ್ಲಿ. ತನ್ನ ಇಡೀ ಮೈ ತೂಕವನ್ನು ನನ್ನ ಕತ್ತಿಗೆ ನೇತು ಹಾಕಿದ್ದ. ನಾನು ಹೆಜ್ಜೆ ಎತ್ತಿದ ಕ್ಷಣಕ್ಕೆ ಸರಿಯಾಗಿ ಅರ್ಧ ಸುತ್ತು ತಿರುಗುತ್ತಿದ್ದ. ದೊಪ್ಪನೆ ಬೀಳುತ್ತಿದ್ದೆ. ಮೈಸೂರಿನ ಗರಡಿಯಲ್ಲಿ ಬೆಳೆದ ನಮ್ಮ ತಾತ ಹೇಳುತ್ತಿದ್ದರು, "ಬಲ ಹಾಕಬೇಡ ಕಣೋ, ಭಾರ ಹಾಕು" ಅಂತ. ಮಟ್ಟಿಯ ಕೆಂಪು ಮಣ್ಣಿನಲ್ಲಿ ಕಲಿಯದ್ದನ್ನು ಅಲ್ಲಿ ಹೋಗಿ ದುಡ್ಡು ಕೊಟ್ಟು ಕಲಿತೆ.

ಮೂರನೇ ವಾರ ಕ್ರು ನನ್ನ ಭುಜ ತಟ್ಟಿ "ಮುಯ್ ಖಾವ್" ಅಂದ. ನನಗೆ ಬೇಜಾರಾಯಿತು. ಕೈಚಳಕದವನು ಅಂದುಕೊಂಡು ಹೋದವನಿಗೆ ಎಮ್ಮೆ ಅಂದ ಹಾಗೆ. ಆದರೆ ಅವನು ನೋಡಿದ್ದು ನನ್ನ ಮೊದಲ ಸುತ್ತನ್ನಲ್ಲ. ಸುಸ್ತಾದಾಗಲೆಲ್ಲ ನಾನು ಹಿಂದೆ ಸರಿಯದೆ ಮುಂದೆ ಬಂದು ಜೋತು ಬೀಳುತ್ತಿದ್ದೆ. ಅದೇ ಮೂರನೇ ಸುತ್ತು.

ಹಾಗಾಗಿ ಮಂಡಿಯವರಿಗೆ: ಬೆಳಿಗ್ಗೆ ಓಟ, ಅದಕ್ಕೆ ರಿಯಾಯಿತಿ ಇಲ್ಲ. ದಿನಾ ಅರ್ಧ ಗಂಟೆ ಕ್ಲಿಂಚ್, ಅಂದರೆ ಕತ್ತು ಹಿಡಿದು ಅಂಟಿಕೊಂಡು ಸೆಣಸುವುದು, ನಿಮಗಿಂತ ದಪ್ಪದವರ ಜೊತೆ. ಕೊನೆಗೆ ಬ್ಯಾಗ್ ಹಿಡಿದು ನೂರು ಮಂಡಿ, ಸೊಂಟ ಮುಂದೆ ತಳ್ಳಿ. ಸೊಂಟ ಬರದಿದ್ದರೆ ಅದು ಮಂಡಿ ಅಲ್ಲ, ಕಾಲು ಮಡಚುವ ವ್ಯಾಯಾಮ.

ಮುಷ್ಟಿಯವರಿಗೆ ಒಂದು ಎಚ್ಚರಿಕೆ. ಥಾಯ್ ತೀರ್ಪಿನಲ್ಲಿ ಬರೀ ಗುದ್ದಿಗೆ ಬೆಲೆ ಕಡಿಮೆ. ಎದುರಾಳಿ ಅಲುಗಾಡಿದರೆ ಮಾತ್ರ ಲೆಕ್ಕ. ಅದಕ್ಕೇ ಎರಡು ಗುದ್ದಿನ ಹಿಂದೆ ತೊಡೆಗೊಂದು ಒದೆ ಸೇರಿಸಿ ಅಭ್ಯಾಸ ಮಾಡಿ. ಬಾಕ್ಸಿಂಗ್‌ನವರ ಹಾಗೆ ತೀರಾ ಕೆಳಗೆ ಬಾಗಬೇಡಿ, ಅಲ್ಲಿ ಮಂಡಿ ಕಾದಿರುತ್ತದೆ.

ಒದೆಯವರಿಗೆ ಒಂದೇ ಪದ, ಮುಯ್ಯಿ. ನಮ್ಮ 'ಮುಯ್ಯಿ'ಗೂ ಅವರ 'ಮುಯ್'ಗೂ ಸಂಬಂಧ ಇಲ್ಲ, ಆದರೆ ಕೆಲಸ ಒಂದೇ. ಒದೆ ತಿಂದ ತಕ್ಷಣ ಒದೆ ವಾಪಸು. ಮದುವೆ ಮುಯ್ಯಿಯ ಹಾಗೆ ವರ್ಷ ಕಾಯುವಂತಿಲ್ಲ. ಪ್ಯಾಡ್ ಹಿಡಿದವರು ನಿಮ್ಮ ಪಕ್ಕೆಗೆ ತಟ್ಟಲಿ, ತಟ್ಟಿದ ಕಾಲು ನೆಲ ಮುಟ್ಟುವುದರೊಳಗೆ ನಿಮ್ಮದು ಹೋಗಬೇಕು.

ಫೀಮೂ, ಇದು ಎರಡನೇ ಸಾಲಿಗೆ. ಅಲ್ಲಿನ ಮಕ್ಕಳು ಎಂಟು ಹತ್ತು ವರ್ಷಕ್ಕೇ ಶುರು ಮಾಡುತ್ತಾರೆ. ಜೊತೆಯವರ ಜೊತೆ ಮೆತ್ತಗೆ ಆಡುತ್ತಾರೆ, ಜೋರಾಗಿ ಹೊಡೆಯುವುದಿಲ್ಲ. ನೋವಿನ ಭಯ ಇಲ್ಲದ್ದಕ್ಕೇ ಕಣ್ಣು ತೆರೆದಿರುತ್ತದೆ. ನಮ್ಮಲ್ಲಿ ಸ್ಪಾರಿಂಗ್, ಅಭ್ಯಾಸದ ಹೊಡೆದಾಟ, ಅಂದರೆ ಹಳೇ ಜಗಳ ತೀರಿಸುವುದು. ಅದು ಇರುವ ತನಕ ಇಲ್ಲಿ ಒಬ್ಬ ಫೀಮೂ ಹುಟ್ಟುವುದಿಲ್ಲ, ಬರೆದುಕೊಡುತ್ತೇನೆ.

ಚೀಟಿ ಬಂತು. "ಐದು ನಿಮಿಷ" ಅಂತ ಇದೆ, ಎರಡು ಸಲ ಗೆರೆ ಎಳೆದಿದ್ದಾರೆ.

ಮುಯ್ ಥಾಯ್ ಅನ್ನೇ ಹೋಲುವ ಕಾಂಬೋಡಿಯದ ಆಟ ಕುನ್ ಖ್ಮೇರ್ ಬಗ್ಗೆ ಹೇಳುವುದಿತ್ತು. 2023ರ ನಾಮ್ ಪೆನ್ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ ಮುಯ್ ಬದಲು ಆ ಹೆಸರಿಟ್ಟಿದ್ದಕ್ಕೇ ಥೈಲ್ಯಾಂಡ್ ಆ ಸ್ಪರ್ಧೆಗೆ ತಂಡ ಕಳಿಸಲಿಲ್ಲ. ಆ ಜಗಳಕ್ಕೆ ಒಂದು ಸಂಜೆಯೇ ಬೇಕು. ಮ್ಯಾನ್ಮಾರ್‌ನ ಲೆಥ್ವೇ ಮಾತ್ರ ಬಿಡಲಾರೆ. ಗ್ಲೌಸ್ ಇಲ್ಲ, ಗಾಜ್ ಬಟ್ಟೆ ಅಷ್ಟೇ. ತಲೆಯಿಂದ ಗುದ್ದಬಹುದು. ಹಳೆಯ ನಿಯಮದಲ್ಲಿ ಪಾಯಿಂಟೇ ಇಲ್ಲ. ಐದು ಸುತ್ತಿನ ಕೊನೆಗೆ ಇಬ್ಬರೂ ನಿಂತಿದ್ದರೆ ಪಂದ್ಯ ಸಮ. ಹಾಗಾದರೆ ಐದನೇ ಸುತ್ತಿನಲ್ಲಿ ಹಿಂದೆ ಹಿಂದೆ ನಡೆದು ಯಾರಿಗೆ ಏನು ಲಾಭ ಹೇಳಿ? ನಿಯಮ ಬದಲಾದರೆ ಶೈಲಿಯ ಬೆಲೆಯೂ ಬದಲಾಗುತ್ತದೆ. ಮೊಣಕೈ ಬಗ್ಗೆ ಇನ್ನೊಮ್ಮೆ.

ಈಗ ಮಾತು ಸಾಕು. ಎರಡನೇ ಸಾಲು, ಬಾ ಮರಿ. ಕನ್ನಡಕ ಅಮ್ಮನ ಕೈಗೆ ಕೊಡು. ಮೂರು ನಿಮಿಷದ ಮೂರು ಸುತ್ತು, ಬರೀ ಕ್ಲಿಂಚ್, ನನ್ನ ಜೊತೆ. ಯಾರಾದರೂ ಗಡಿಯಾರ ಹಿಡಿದುಕೊಳ್ಳಿ. ಮೊದಲೆರಡು ಸುತ್ತು ಫೋನ್ ನೋಡಿಕೊಂಡಿದ್ದರೂ ಪರವಾಗಿಲ್ಲ, ಮೂರನೆಯದಕ್ಕೆ ಎಲ್ಲರೂ ಅವನ ಕಾಲು ನೋಡಿ.