ಕ್ರಾರ್ ನುಡಿಸಿದ ಅಸ್ನಕೆಚ್ ವರ್ಕು

ಮಾನ್ಯ ಅಧ್ಯಕ್ಷರೇ, ಸಂಗೀತಪ್ರಿಯ ಬಂಧುಗಳೇ,

ವಾದ್ಯ ನುಡಿಸುತ್ತ ಸ್ಥಳದಲ್ಲೇ ಸಾಲು ಕಟ್ಟಿ ಹಾಡುವ ಇಥಿಯೋಪಿಯಾದ ಅಜ್ಮರಿ ಗಾಯಕರ ಪರಿಚಯ ಈ ಮಾಲಿಕೆಯ ಕಳೆದ ಉಪನ್ಯಾಸದಲ್ಲೇ ಆಗಿರುವುದರಿಂದ ನಾನು ನೇರವಾಗಿ ಅಸ್ನಕೆಚ್ ವರ್ಕು ಅವರ ವಿಷಯಕ್ಕೆ ಬರುತ್ತೇನೆ. 2011ರಲ್ಲಿ ತೀರಿಕೊಂಡ ಈ ಕಲಾವಿದೆಯ ಮಾತೆತ್ತಿದರೆ ಮೊದಲು ಅವರ ಚೆಲುವು, ಆಮೇಲೆ ಅವರ ದಿಟ್ಟತನ ಪ್ರಸ್ತಾಪವಾಗುತ್ತದೆ. ನಾನು ಕ್ರಾರ್ ಎಂಬ ತಂತಿವಾದ್ಯ ನುಡಿಸುತ್ತಿದ್ದ ಅವರ ಎಡಗೈಯ ಬೆರಳುಗಳಿಂದ ಆರಂಭಿಸಬೇಕೆಂದಿದ್ದೇನೆ.

ಬಟ್ಟಲಿನಾಕಾರದ ಬುರುಡೆಗೆ ಚರ್ಮ ಬಿಗಿದು, ಅದರಿಂದ ಎದ್ದ ಎರಡು ತೋಳುಗಳ ನಡುವಿನ ಅಡ್ಡಕೋಲಿಗೆ ಐದೋ ಆರೋ ತಂತಿಗಳನ್ನು ಕಟ್ಟಿದರೆ ಕ್ರಾರ್ ಆಗುತ್ತದೆ. ವೀಣೆಯಲ್ಲಿರುವಂತೆ ಇದರಲ್ಲಿ ಮೆಟ್ಟುಗಳಿಲ್ಲ. ಮೀಟುವ ಒಂದು ಕ್ರಮದಲ್ಲಿ ಬಲಗೈ ಎಲ್ಲ ತಂತಿಗಳ ಮೇಲೂ ಒಮ್ಮೆಗೇ ಹಾಯುತ್ತದೆ. ನುಡಿಯಬಾರದ ತಂತಿಗಳನ್ನು ಎಡಗೈಯ ಬೆರಳುಗಳು ಹಿಂದಿನಿಂದ ಮುಟ್ಟಿ ಅಡಗಿಸಿಟ್ಟಿರುತ್ತವೆ, ಬೇಕಾದ ಸ್ವರದ ಬೆರಳು ಮಾತ್ರ ಆ ಕ್ಷಣಕ್ಕೆ ಮೇಲೇಳುತ್ತದೆ. ಹಾಡುತ್ತಲೇ, ಸಾಲು ಕಟ್ಟುತ್ತಲೇ ಇದನ್ನು ಮಾಡುವುದು ಎಂಥ ವಿದ್ಯೆ ಎಂಬುದನ್ನು ತಂತಿವಾದ್ಯ ಬಲ್ಲವರಿಗೆ ನಾನು ವಿವರಿಸಬೇಕಿಲ್ಲ.

ಇದೇ ಕುಲದ ಹತ್ತು ತಂತಿಯ ಬೆಗೆನಾ ಬೈಬಲಿನ ದಾವೀದ ಅರಸನ ವಾದ್ಯವೆಂದು ಭಕ್ತಿಯ ಹಾಡಿಗೆ ಮೀಸಲಾಯಿತು. ಕ್ರಾರ್ ಪ್ರೇಮಗೀತೆಗಳ, ಪಾನಗೃಹಗಳ ವಾದ್ಯವಾಗಿ ಸೈತಾನನದೆಂಬ ಹೆಸರು ಹೊತ್ತಿತು. ಅಜ್ಮರಿ ಎಂದು ಕರೆಯುವುದೇ ಒಂದು ಬೈಗುಳವಾಗಿತ್ತು. ಅಜ್ಮರಿ ಜೋಡಿಗಳಲ್ಲಿ ಸಾಮಾನ್ಯವಾಗಿ ಗಂಡಸು ಒಂಟಿ ತಂತಿಯ ಮಸಿಂಕೋ ನುಡಿಸಿದರೆ ಹೆಂಗಸು ಹಾಡುತ್ತಾಳೆ. ಅಸ್ನಕೆಚ್ ವಾದ್ಯವನ್ನು ತಾವೇ ಕೈಗೆತ್ತಿಕೊಂಡರು. ಯಾವ ಸಾಲು ಎಲ್ಲಿ ನಿಲ್ಲಬೇಕು, ಮುಂದಿನದು ಯಾವಾಗ ಬರಬೇಕು ಎಂಬುದನ್ನು ವಾದ್ಯ ಹಿಡಿದವರೇ ತೀರ್ಮಾನಿಸುತ್ತಾರೆ ಎಂಬುದು ನನ್ನ ವಾದದ ತಿರುಳು.

ಅಜ್ಮರಿ ಮನೆ, ಅಂದರೆ ಅಜ್ಮರಿಗಳು ಹಾಡುವ ಪಾನಗೃಹ, ಅಲ್ಲಿನ ಒಂದು ಪದ್ಧತಿಯನ್ನು ಎಷ್ಟು ಸಲ ಹೇಳಿದರೂ ನನಗೆ ತೃಪ್ತಿಯಾಗುವುದಿಲ್ಲ. ಕೇಳುಗರಲ್ಲೊಬ್ಬ 'ತೆಕೆಬೆಲ್' ಎನ್ನುತ್ತಾನೆ, ಅಂದರೆ ತೆಗೆದುಕೋ ಎಂದು, ತನ್ನದೊಂದು ಸಾಲು ಕೊಡುತ್ತಾನೆ. ಗೆಳೆಯನ ಕೊಂಕಿರಬಹುದು, ಮುನಿದ ನಲ್ಲೆಗೆ ಕಳಿಸುವ ಸಂದೇಶವಿರಬಹುದು. ಅಜ್ಮರಿ ಅದನ್ನು ಒಡನೆಯೇ ರಾಗಕ್ಕೆ ಕೂಡಿಸಿ ಸಭೆಗೆ ಹಾಡಬೇಕು, ತನ್ನದನ್ನೂ ಸೇರಿಸಬೇಕು. ಮೇಲ್ನೋಟದ ಅರ್ಥ ಮೇಣ, ಒಳಗಿನದು ಚಿನ್ನ ಎಂದು ಅಲ್ಲಿಯವರು ಹೇಳುವ ಶ್ಲೇಷೆ ಅರಳುವುದು ಇಲ್ಲಿಯೇ. ಹೀಗೆ ಥಟ್ಟನೆ ಸಾಲು ಕಟ್ಟಿ ಎದುರುತ್ತರ ಕೊಡುವುದರಲ್ಲಿ ಅಸ್ನಕೆಚ್ ಹೆಸರುವಾಸಿ. ಅವರನ್ನು ಬರಿಯ ಗಾಯಕಿ ಎಂದು ಕರೆದು ಸುಮ್ಮನಾಗುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಅವರು ಕವಿ, ಆಶುಕವಿ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿರುವುದರಿಂದ ರಂಗಭೂಮಿಯ ಭಾಗವನ್ನು ಚುಟುಕಾಗಿ ಮುಗಿಸುತ್ತೇನೆ. ಹೆಣ್ಣಿನ ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ಇಥಿಯೋಪಿಯಾದ ರಂಗದ ಮೇಲೆ 1950ರ ದಶಕದಲ್ಲಿ ಕಾಲಿಟ್ಟ ಮೊದಲ ನಟಿಯರಲ್ಲಿ ಅವರೂ ಒಬ್ಬರು. ಆಮೇಲೆ ಅಡಿಸ್ ಅಬಾಬಾದ ರಾಷ್ಟ್ರೀಯ ರಂಗಮಂದಿರದಲ್ಲಿ ಬಹುಕಾಲ ದುಡಿದರು. 1974ರ ನಂತರದ ಸೈನಿಕ ಆಡಳಿತದ ಕರ್ಫ್ಯೂ ಅಜ್ಮರಿಗಳ ರಾತ್ರಿಯ ಹಾಡಿಕೆಗೆ ಕೊಟ್ಟ ಪೆಟ್ಟಿನ ಬಗ್ಗೆ ಮಾತನಾಡಲು ಇಂದು ಅವಕಾಶವಿಲ್ಲ.

ಫ್ರಾನ್ಸಿನ 'ಎತಿಯೋಪಿಕ್' ಸರಣಿಯ ಹದಿನಾರನೆಯ ಸಂಪುಟವಾಗಿ 2003ರಲ್ಲಿ ಬಂದ ಅವರ ಧ್ವನಿಮುದ್ರಿಕೆಯನ್ನು ಈಗ ಹಾಕಿಸುತ್ತೇನೆ. ಹಾಡಿನ ಭಾಷೆಯಾದ ಅಮ್ಹಾರಿಕ್ ತಿಳಿಯದೆಂದು ಹಿಂಜರಿಯಬೇಡಿ. ಎರಡೆರಡು ಸಾಲು ಮುಗಿದೊಡನೆ ಕ್ರಾರ್ ಒಂದೇ ನುಡಿಯುವ ಅಂತರಗಳಿಗೆ ಕಿವಿಗೊಡಿ; ಮುಂದಿನ ಸಾಲು ಯಾವಾಗ ಬರಬೇಕೆಂದು ಅವರು ತೀರ್ಮಾನಿಸುವುದು ಅಲ್ಲೇ. ಕೇಳಿದ ಮೇಲೆ ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತೇನೆ.