ಹೊನ್ನಾವರದಲ್ಲಿ ಅನ್ನ ಉಂಡವನ ಊರು

ಕೇಳುಗರಿಗೆ ನಮಸ್ಕಾರ.

1661ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್‌ಗೂ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳಿಗೂ ಮದುವೆ ಗೊತ್ತಾಯಿತು. ವರದಕ್ಷಿಣೆಯಲ್ಲಿ ಹಣದ ಜೊತೆಗೆ ಎರಡು ಬಂದರು ಊರುಗಳೂ ಇದ್ದವು. ಒಂದು ನಮ್ಮ ಬೊಂಬಾಯಿ. ಇನ್ನೊಂದು ಮೊರಾಕ್ಕೊ ದೇಶದ ಉತ್ತರದ ತುದಿಯಲ್ಲಿರುವ ಟಾಂಜಿಯರ್. ಆಗ ಇಂಗ್ಲಿಷರ ಕಣ್ಣಿದ್ದಿದ್ದು ಟಾಂಜಿಯರ್ ಮೇಲೆ. ಮೆಡಿಟರೇನಿಯನ್ ಸಮುದ್ರದ ಬಾಗಿಲಲ್ಲೇ ಕೂತಿರುವ ಊರು ಅಲ್ವಾ! ಬೊಂಬಾಯಿಯನ್ನು 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟು ಕೈತೊಳೆದುಕೊಂಡರು. ಟಾಂಜಿಯರ್‌ಗೆ ದುಡ್ಡು ಸುರಿದರು. ಅಲೆಗಳನ್ನು ತಡೆಯಲು ಸಮುದ್ರದೊಳಕ್ಕೆ ದೊಡ್ಡ ಕಲ್ಲಿನ ಕಟ್ಟೆ ಕಟ್ಟಿದರು. ಕೊನೆಗೆ ಮೊರಾಕ್ಕೊ ಸೈನ್ಯದ ಮುತ್ತಿಗೆ, ಖರ್ಚು ಎರಡನ್ನೂ ತಾಳಲಾರದೆ, 1684ರಲ್ಲಿ ಆ ಕಟ್ಟೆಯನ್ನು ತಾವೇ ಸಿಡಿಸಿ ಹಡಗು ಹತ್ತಿದರು.

ಆ ಊರಲ್ಲಿ ಒಬ್ಬಳೇ ತಿರುಗಾಡಿದ ಒಂದು ದಿನದ ಬಗ್ಗೆ ಇವತ್ತು ಮಾತಾಡುತ್ತೇನೆ. ಸ್ಪೇನಿನ ಕಡೆಯಿಂದ ಬೆಳಿಗ್ಗೆ ದೋಣಿ ಹತ್ತಿ ಬಂದು, ಚಪ್ಪಲಿ, ದೀಪ, ಮಸಾಲೆ ಕೊಂಡು ಸಂಜೆಗೆ ವಾಪಸ್ ಹೋಗುವವರು ಅಲ್ಲಿ ಜಾಸ್ತಿ. ನಾನು ಹೋಗಿದ್ದು ಬೇರೆ ಕಾರಣಕ್ಕೆ. ನಮ್ಮ ಹೊನ್ನಾವರದ ಬಗ್ಗೆ ಬರೆದ ಒಬ್ಬ ಮನುಷ್ಯ ಹುಟ್ಟಿದ್ದು ಆ ಊರಲ್ಲಿ. ಅವನ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಹೊಟ್ಟೆಯ ವಿಚಾರ.

ಬೆಳಗಿನ ತಿಂಡಿಗೆ ಅಲ್ಲಿನವರು ಬಿಸಾರ ಕುಡಿಯುತ್ತಾರೆ. ಒಣಗಿದ ಫಾವಾ ಬೀನ್ಸ್ ಬೇಳೆಯನ್ನು ಬೆಳ್ಳುಳ್ಳಿ ಹಾಕಿ ನುಣ್ಣಗೆ ಬೇಯಿಸಿ, ಮೇಲೆ ಆಲಿವ್ ಎಣ್ಣೆ ಹಾಕಿ ಜೀರಿಗೆ ಪುಡಿ ಉದುರಿಸುತ್ತಾರೆ. ದುಂಡನೆಯ ಬಿಸಿ ರೊಟ್ಟಿ ಅದ್ದಿಕೊಂಡು ತಿಂದರೆ ಮಧ್ಯಾಹ್ನದವರೆಗೆ ಹಸಿವಿನ ಸುದ್ದಿಯಿಲ್ಲ. ಬೀದಿಯಲ್ಲಿ ಕಾಲಿಂತೆ ಅಂತ ಇನ್ನೊಂದು ಸಿಗುತ್ತದೆ. ಕಡಲೆ ಹಿಟ್ಟನ್ನು ನೀರಾಗಿ ಕಲಸಿ, ದೊಡ್ಡ ತಟ್ಟೆಗೆ ಹೊಯ್ದು, ಒಲೆಯಲ್ಲಿ ಬೇಯಿಸಿ, ತುಂಡು ಕತ್ತರಿಸಿ, ಉಪ್ಪು ಜೀರಿಗೆ ಹಾಕಿ ಕಾಗದದಲ್ಲಿ ಕೊಡುತ್ತಾರೆ. ಸಸ್ಯಾಹಾರಿಗಳು ಒಂದು ಮಾತು ಕೇಳಿಕೊಳ್ಳಿ: ಅದಕ್ಕೆ ಮೊಟ್ಟೆ ಹಾಕುವುದುಂಟು.

ತಿಂಡಿ ಮುಗಿಸಿ ಗ್ರಾಂಡ್ ಸೊಕ್ಕೊ ಎಂಬ ದೊಡ್ಡ ಚೌಕಕ್ಕೆ ಬಂದೆ. ಹಳೆಯ ಊರು ಶುರುವಾಗುವುದು ಇಲ್ಲಿಂದ. ಸುತ್ತಲಿನ ಜಬಾಲಾ ಬೆಟ್ಟಗಳ ಹಳ್ಳಿ ಹೆಂಗಸರು ಸಂತೆಗೆ ಬರುತ್ತಾರೆ. ಸೊಂಟಕ್ಕೆ ಕೆಂಪು ಬಿಳಿ ಪಟ್ಟೆಯ ದಪ್ಪ ಬಟ್ಟೆ, ತಲೆಯ ಮೇಲೆ ಬಣ್ಣದ ಉಣ್ಣೆಯ ಕುಚ್ಚು ಕಟ್ಟಿದ ಅಗಲವಾದ ಹುಲ್ಲಿನ ಟೋಪಿ. ಮುಂದೆ ಪುದೀನ ಕಟ್ಟು, ಈರುಳ್ಳಿ, ಆಡಿನ ಹಾಲಿನ ಬಿಳಿ ಗಿಣ್ಣು, ಅಂದರೆ ಚೀಸ್. ನಮ್ಮಲ್ಲಿ ಬಾಳೆಎಲೆ ಮಾಡುವ ಕೆಲಸವನ್ನು ಅಲ್ಲಿ ತಾಳೆಗರಿ ಮಾಡುತ್ತದೆ. ಗಿಣ್ಣನ್ನು ಅದರಲ್ಲೇ ಸುತ್ತಿ ಕೊಡುತ್ತಾರೆ. ಫೋಟೊ ತೆಗೆಯಲು ಒಬ್ಬ ಅಜ್ಜಿಯನ್ನು ಸನ್ನೆಯಲ್ಲೇ ಕೇಳಿದೆ. ಬೇಡ ಅಂತ ಟೋಪಿ ಮುಂದಕ್ಕೆ ಎಳೆದುಕೊಂಡರು. ಸರಿ, ಪುದೀನ ಕೊಂಡು ಮುಂದೆ ಹೋದೆ.

ಈ ಚೌಕಕ್ಕೆ ಈಗಿನ ಹೆಸರು 1947ರ ಏಪ್ರಿಲ್ 9ರ ಚೌಕ. ಆ ದಿನ ಸುಲ್ತಾನ ಐದನೇ ಮೊಹಮ್ಮದ್ ಪಕ್ಕದ ಮೆಂದೂಬಿಯಾ ತೋಟದಲ್ಲಿ ನಿಂತು ಭಾಷಣ ಮಾಡಿ, ದೇಶದ ಸ್ವಾತಂತ್ರ್ಯದ ಮಾತೆತ್ತಿದ. ಆಗ ಮೊರಾಕ್ಕೊ ಫ್ರಾನ್ಸ್ ಮತ್ತು ಸ್ಪೇನಿನ ಕೈಯಲ್ಲಿ ಹಂಚಿಹೋಗಿತ್ತು. ಟಾಂಜಿಯರ್ ಮಾತ್ರ 1920ರ ದಶಕದಿಂದ ಹಲವು ದೇಶಗಳು ಕೂಡಿ ಆಳುವ ಅಂತರರಾಷ್ಟ್ರೀಯ ವಲಯ. ಊರು ಒಂದು, ಅಂಚೆ ಕಚೇರಿ ಹಲವು, ಚಲಾವಣೆಯ ದುಡ್ಡೂ ಹಲವು ಬಗೆ. ಗೂಢಚಾರರು, ಕಳ್ಳಸಾಗಣೆದಾರರು, ಊರು ಬಿಟ್ಟು ಬಂದ ಯುರೋಪ್ ಅಮೆರಿಕದ ಕಲಾವಿದರು ಎಲ್ಲರೂ ಇಲ್ಲಿ ಸೇರಿದ್ದರು. 1956ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಆ ಆಟ ಮುಗಿಯಿತು. ಪ್ರವಾಸದ ಪುಸ್ತಕಗಳು ಆ ಕಾಲವನ್ನು ತುಂಬ ರಂಗಾಗಿ ಬಣ್ಣಿಸುತ್ತವೆ. ನನಗೇನೋ ಅದರಲ್ಲಿ ಅಷ್ಟು ರುಚಿ ಕಾಣಲಿಲ್ಲ. ಕಾಫಿ ಅಂಗಡಿಯಲ್ಲಿ ಕೂತವರ ಹೆಸರೆಲ್ಲ ದಾಖಲಾಗಿದೆ, ಅವರಿಗೆ ಕಾಫಿ ತಂದುಕೊಟ್ಟವರ ಹೆಸರು ಎಲ್ಲೂ ಇಲ್ಲ.

ಚೌಕದ ಮೇಲುಗಡೆ ಸಂತ ಆಂಡ್ರೂ ಹೆಸರಿನ ಆಂಗ್ಲಿಕನ್ ಚರ್ಚ್ ಇದೆ. ಅದರ ಗೋಪುರ ಮಸೀದಿಯ ಮಿನಾರಿನ ಹಾಗೆಯೇ ಕಾಣುತ್ತದೆ. ಒಳಗೆ ಕಮಾನಿನ ಸುತ್ತ ಕ್ರೈಸ್ತರ ಪ್ರಾರ್ಥನೆಯನ್ನು ಅರಬ್ಬಿಯಲ್ಲಿ ಕೆತ್ತಿದ್ದಾರೆ. ಜಾಗ ಕೊಟ್ಟಿದ್ದು ಮೊರಾಕ್ಕೊದ ಸುಲ್ತಾನ.

ಇನ್ನು ಹಳೆಯ ಊರಿನ ಓಣಿಗಳು. ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಂಥವು ಕೆಲವು. ಒಂಟಿ ಹೆಂಗಸು ಕಂಡರೆ ಯಾರಾದರೂ ಒಬ್ಬ ಹುಡುಗ ಬಂದೇ ಬರುತ್ತಾನೆ. "ಆ ಕಡೆ ದಾರಿ ಮುಚ್ಚಿದೆ, ನಾನು ತೋರಿಸುತ್ತೇನೆ" ಅನ್ನುತ್ತಾನೆ. ದಾರಿ ಮುಚ್ಚಿರುವುದಿಲ್ಲ. "ಲಾ, ಶುಕ್ರನ್" ಅಂದರೆ ಸಾಕು. ಬೇಡ, ಧನ್ಯವಾದ ಅಂತ. ನಿಲ್ಲದೆ, ಸಿಟ್ಟಾಗದೆ ಹೇಳಬೇಕು. ನಿಜವಾಗಿ ದಾರಿ ತಿಳಿಯದಿದ್ದರೆ ಅಂಗಡಿಯೊಳಗೆ ಕೂತವರನ್ನು ಕೇಳಿ. ಅಂಗಡಿ ಬಿಟ್ಟು ಅವರು ನಿಮ್ಮ ಹಿಂದೆ ಬರಲಾರರು.

ಹೀಗೆ ಕೇಳುತ್ತಾ ಹೋಗಿ ಅಮೆರಿಕನ್ ಲೆಗೇಶನ್, ಅಂದರೆ ಅಮೆರಿಕದ ಹಳೆಯ ರಾಯಭಾರ ಕಚೇರಿ, ಸೇರಿದೆ. 1777ರಲ್ಲಿ, ಅಮೆರಿಕ ಇನ್ನೂ ಬ್ರಿಟನ್ ಜೊತೆ ಯುದ್ಧ ಮಾಡುತ್ತಿದ್ದಾಗಲೇ, ಮೊರಾಕ್ಕೊದ ಸುಲ್ತಾನ ತನ್ನ ಬಂದರುಗಳನ್ನು ಅಮೆರಿಕದ ಹಡಗುಗಳಿಗೆ ತೆರೆದಿದ್ದ. 1821ರಲ್ಲಿ ಸುಲ್ತಾನ ಮೌಲೆ ಸುಲೇಮಾನ್ ಈ ಮನೆಯನ್ನು ಅವರಿಗೆ ಉಡುಗೊರೆಯಾಗಿ ಕೊಟ್ಟ. ಹೊರದೇಶದಲ್ಲಿ ಅಮೆರಿಕ ಸರ್ಕಾರಕ್ಕೆ ಸೇರಿದ ಮೊದಲ ಆಸ್ತಿ ಇದು. ಓಣಿಯ ಆಚೆ ಈಚೆ ಎರಡು ಕಟ್ಟಡ, ನಡುವೆ ತಲೆಯ ಮೇಲೆ ಸೇತುವೆ. ಈಗ ಇದು ವಸ್ತು ಸಂಗ್ರಹಾಲಯ. ಅಲ್ಲಿ ನನಗೆ ತುಂಬ ಖುಷಿ ಕೊಟ್ಟಿದ್ದು ಒಂದು ಪತ್ರದ ಕಥೆ. 1839ರಲ್ಲಿ ಸುಲ್ತಾನ ಒಂದು ಸಿಂಹ, ಒಂದು ಸಿಂಹಿಣಿಯನ್ನು ಉಡುಗೊರೆಯಾಗಿ ಕಳಿಸಿದ. ಅಮೆರಿಕದ ಅಧಿಕಾರಿಗಳು ಉಡುಗೊರೆ ತೆಗೆದುಕೊಳ್ಳುವಂತಿಲ್ಲ ಎಂಬುದು ಅವರ ಕಾನೂನು. ಕಾನ್ಸಲ್ ಥಾಮಸ್ ಕಾರ್ ಬೇಡವೆಂದು ಬೇಡಿಕೊಂಡ. ತಂದವರು ಕೇಳಬೇಕಲ್ಲ? ಸುಲ್ತಾನನ ಅಪ್ಪಣೆ ಮೀರಿದರೆ ಅವರ ತಲೆ ಉಳಿಯುವುದಿಲ್ಲ. ಕೊನೆಗೆ ಪಾಪ, ಸಿಂಹಗಳನ್ನು ಮನೆಯ ಒಂದು ಕೋಣೆಯಲ್ಲಿ ಕೂಡಿಹಾಕಿಕೊಂಡು, ಮೇಲಧಿಕಾರಿಗಳಿಗೆ ಕಾಗದ ಬರೆದ. ಸರ್ಕಾರಿ ನೌಕರಿಯ ಕಷ್ಟ ಎಲ್ಲಾ ದೇಶದಲ್ಲೂ ಇದೆ.

ಈಗ ನಮ್ಮ ಮನುಷ್ಯನ ವಿಚಾರಕ್ಕೆ ಬರೋಣ. ಹೆಸರು ಇಬ್ನ್ ಬತೂತ. ಹುಟ್ಟಿದ್ದು 1304ರಲ್ಲಿ, ಇದೇ ಟಾಂಜಿಯರ್‌ನಲ್ಲಿ. 1325ರಲ್ಲಿ, 21ನೇ ವಯಸ್ಸಿಗೆ, ಮೆಕ್ಕಾ ಯಾತ್ರೆಗೆ ಅಂತ ಒಬ್ಬನೇ ಹೊರಟ. ಜೊತೆಗಾರರಿಲ್ಲ, ಅಪ್ಪ ಅಮ್ಮನನ್ನು ಬಿಟ್ಟು ಹೊರಡುವ ಸಂಕಟ ಬೇರೆ. ಹೀಗೆ ಹೊರಟವನು ಮೆಕ್ಕಾಕ್ಕೆ ನಿಲ್ಲಲಿಲ್ಲ. ಪರ್ಷಿಯಾ, ಪೂರ್ವ ಆಫ್ರಿಕಾ, ದಿಲ್ಲಿ ಎಲ್ಲಾ ಸುತ್ತಿದ. ದಿಲ್ಲಿಯಲ್ಲಿ ಮೊಹಮ್ಮದ್ ಬಿನ್ ತುಘಲಕ್ ಅವನನ್ನು ಖಾಜಿ ಮಾಡಿಕೊಂಡ. ಅಲ್ಲಿಂದ ಚೀನಾಕ್ಕೆ ರಾಯಭಾರಿಯಾಗಿ ಹೊರಟಾಗ ದಾರಿಯಲ್ಲಿ ನಮ್ಮ ಕರಾವಳಿ ಸಿಕ್ಕಿತು. ಅದು 1340ರ ದಶಕ. ಹೊನ್ನಾವರ, ಬಾರ್ಕೂರು, ಮಂಗಳೂರು ಮೂರನ್ನೂ ಕಂಡು ಅವುಗಳ ಬಗ್ಗೆ ಹೇಳಿದ್ದಾನೆ.

ಹೊನ್ನಾವರದಲ್ಲಿ ಆಗ ಜಮಾಲುದ್ದೀನ್ ಎಂಬ ದೊರೆ ಇದ್ದ. ಅವನ ಮೇಲೆ ಹರ್ಯಬ್ ಎಂಬ ಇನ್ನೊಬ್ಬ ರಾಜ. ಇವನು ವಿಜಯನಗರದ ಹರಿಹರನೇ ಇರಬೇಕು ಅನ್ನುತ್ತಾರೆ ಇತಿಹಾಸಕಾರರು. ಊರಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಇದ್ದವಂತೆ. ಹೀಗೆ ಹುಡುಗಿಯರ ಶಾಲೆಗಳಿರುವ ಊರನ್ನು ಬೇರೆಲ್ಲೂ ನೋಡಲಿಲ್ಲ ಅಂತ ಬೆರಗಾಗಿದ್ದಾನೆ. ಹೆಂಗಸರು ಹೊಲಿಯದ ಬಟ್ಟೆ ಉಡುತ್ತಾರೆ, ಒಂದು ತುದಿ ಸೊಂಟಕ್ಕೆ, ಉಳಿದದ್ದು ತಲೆ ಎದೆಯ ಮೇಲೆ, ಮೂಗಿಗೆ ಚಿನ್ನದ ಉಂಗುರ ಎಂದೂ ಹೇಳಿದ್ದಾನೆ. ಆಮೇಲೆ ಊಟ. ಮೊದಲು ಅನ್ನ, ಮೇಲೆ ತುಪ್ಪ. ಪಕ್ಕದಲ್ಲಿ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವು ಇವುಗಳ ಉಪ್ಪಿನಕಾಯಿ. ನಂತರ ಕೋಳಿ, ಮೀನು, ತರಕಾರಿ. ಕೊನೆಗೆ ಮೊಸರು. ಬಡಿಸುವ ಕ್ರಮ ಈಗಲೂ ಬದಲಾದ ಹಾಗಿಲ್ಲ, ನೋಡಿ. ಇನ್ನೊಮ್ಮೆ ಬಂದು ಅದೇ ದೊರೆಯ ಹತ್ತಿರ 11 ತಿಂಗಳು ಇದ್ದ. ಅಷ್ಟು ದಿನವೂ ರೊಟ್ಟಿಯ ಮುಖ ನೋಡಲಿಲ್ಲ. ಕರಾವಳಿ, ಸಿಂಹಳ, ಮಾಲ್ಡೀವ್ಸ್ ಎಲ್ಲಾ ಕಡೆ ಬರೀ ಅನ್ನ ತಿಂದೂ ತಿಂದೂ, ಕೊನೆಗೆ ನೀರು ಕುಡಿದು ನುಂಗುವಂತಾಯಿತು ಅಂತ ಗೊಣಗಿದ್ದಾನೆ. ಬೆಳಿಗ್ಗೆ ಆ ಬಿಸಿ ರೊಟ್ಟಿ ತಿಂದಿದ್ದರಿಂದ ಅವನ ಗೊಣಗಾಟ ನನಗೆ ಚೆನ್ನಾಗಿ ಅರ್ಥವಾಯಿತು.

ಅವನು ಮೊರಾಕ್ಕೊಗೆ ಮರಳಿದ್ದು 1349ರಲ್ಲಿ. ತಾಯಿ ಸ್ವಲ್ಪ ದಿನ ಮುಂಚೆ ಪ್ಲೇಗಿನಲ್ಲಿ ತೀರಿಕೊಂಡಿದ್ದಳು. 1355ರ ಹೊತ್ತಿಗೆ, ಸುಲ್ತಾನನ ಅಪ್ಪಣೆಯಂತೆ, ತಾನು ಕಂಡಿದ್ದನ್ನೆಲ್ಲ ಇಬ್ನ್ ಜುಝಯ್ ಎಂಬ ವಿದ್ವಾಂಸನಿಗೆ ಹೇಳಿ ಬರೆಸಿದ.

ಇಂಥವನ ಸಮಾಧಿ ಹೇಗಿರಬಹುದು ಹೇಳಿ? ಓಣಿಯೊಂದರ ತಿರುವಿನಲ್ಲಿ ಪುಟ್ಟ ಬಿಳಿ ಕೋಣೆ. ಅಷ್ಟೇ. ನಾನು ಹೋದಾಗ ಬಾಗಿಲು ಹಾಕಿತ್ತು. ಅವನನ್ನು ಇಲ್ಲೇ ಹೂಳಿದ್ದು ಅನ್ನುವುದಕ್ಕೂ ಗಟ್ಟಿ ಆಧಾರವಿಲ್ಲ. ಊರಿನ ವಿಮಾನ ನಿಲ್ದಾಣಕ್ಕೆ ಅವನ ಹೆಸರಿಟ್ಟಿದ್ದಾರೆ. ಅವನ ಮಟ್ಟಿಗೆ ಅದೇ ಸರಿಯಾದ ಗೌರವ ಅಂತ ನನಗನ್ನಿಸಿತು.

ಮಧ್ಯಾಹ್ನದ ಮೇಲೆ ಕಸ್ಬಾ ಹತ್ತಿದೆ. ಅದು ಊರಿನ ನೆತ್ತಿಯ ಮೇಲಿನ ಕೋಟೆ. ಸಮುದ್ರದ ಕಡೆಯ ಬಾಗಿಲು ದಾಟಿದರೆ ಗಾಳಿ ಕಪಾಳಕ್ಕೆ ಹೊಡೆಯುತ್ತದೆ. ಎದುರಿಗೆ ಸ್ಪೇನಿನ ಬೆಟ್ಟಗಳು ಬರಿಗಣ್ಣಿಗೇ ಕಾಣುತ್ತವೆ. ನಡುವಿನ ಜಿಬ್ರಾಲ್ಟರ್ ಜಲಸಂಧಿ ತೀರ ಕಿರಿದಾದ ಕಡೆ ಅಗಲ ಬರೀ 14 ಕಿಲೋಮೀಟರ್. ಗೋಡೆಯ ಮೇಲೆ ಹುಡುಗರು ಸಾಲಾಗಿ ಕೂತು ಆ ಕಡೆಯೇ ನೋಡುತ್ತಿದ್ದರು. ಆಚೆ ದಡದವರು ಪಾಸ್‌ಪೋರ್ಟ್ ತೋರಿಸಿ ತಾಸಿನೊಳಗೆ ಬಂದು ಹೋಗುತ್ತಾರೆ. ಇವರಿಗೆ ವೀಸಾ ಸಿಗುವುದು ಕಷ್ಟ. ನಮಗೋ, ಎರಡು ದಡಕ್ಕೂ ವೀಸಾ ಬೇಕು.

ಸಂಜೆ ಕೆಫೆ ಹಾಫಾ. 1921ರಲ್ಲಿ ಶುರುವಾದ ಚಹಾ ಅಂಗಡಿ. ಬಂಡೆಯ ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜಗಲಿಗಳು, ಕೆಳಗೆ ಸಮುದ್ರ. ಗಾಜಿನ ಲೋಟದ ತುಂಬ ಪುದೀನ ಸೊಪ್ಪು ತುರುಕಿ, ಸಕ್ಕರೆ ಸುರಿದು, ಹಸಿರು ಚಹಾ ಹಾಕಿ ಕೊಡುತ್ತಾರೆ. ಸಕ್ಕರೆ ಕಮ್ಮಿ ಅಂತ ಮೊದಲೇ ಹೇಳಿ. ಹತ್ತಿರದಲ್ಲೇ ಬಂಡೆ ಕೊರೆದು ಮಾಡಿದ, ಫಿನೀಷಿಯನ್ನರು ಎಂಬ ಪ್ರಾಚೀನ ಕಡಲ ವ್ಯಾಪಾರಿಗಳ ಕಾಲದ ಗೋರಿಗಳಿವೆ. ಒಳಗೆ ಮಳೆನೀರು ನಿಂತಿದೆ. ಸುತ್ತ ಮನೆಮಂದಿ ಕೂತು ಕಡಲೆಕಾಯಿ ತಿನ್ನುತ್ತಾ ಹರಟೆ ಹೊಡೆಯುತ್ತಿರುತ್ತಾರೆ.

ಹೋಗಬೇಕು ಅನ್ನುವವರಿಗೆ ಎರಡು ಮಾತು. ಕಾಸಾಬ್ಲಾಂಕಾದಿಂದ ಅಲ್ ಬುರಾಕ್ ಎಂಬ ವೇಗದ ರೈಲು ಇದೆ. 2018ರಲ್ಲಿ ಶುರುವಾಯಿತು, ಎರಡು ತಾಸಿನ ಮೇಲೆ ಸ್ವಲ್ಪ ಹೊತ್ತಿನಲ್ಲಿ ಟಾಂಜಿಯರ್ ಮುಟ್ಟಿಸುತ್ತದೆ. ಸ್ಪೇನಿನಿಂದ ದೋಣಿಯಲ್ಲಿ ಬರುವವರು ಬಂದರಿನ ಹೆಸರು ಸರಿಯಾಗಿ ನೋಡಿಕೊಳ್ಳಿ. ತಾರಿಫಾದ ದೋಣಿ ಬರುವುದು ಊರೊಳಗಿನ ಹಳೆಯ ಬಂದರಿಗೆ. ಅಲ್ಜೆಸಿರಾಸ್ ದೋಣಿಗಳು ಟಾಂಜಿಯರ್ ಮೆಡ್ ಎಂಬ ಹೊಸ ಬಂದರಿಗೆ ಹೋಗುತ್ತವೆ. ಅದು ಊರಿಂದ ಸುಮಾರು 40 ಕಿಲೋಮೀಟರ್ ದೂರ. ಇಳಿದ ಮೇಲೆ ಬಸ್ಸಿಗೆ ಕಾಯಬೇಕಾಗುತ್ತದೆ.

ನಮಸ್ಕಾರ.