ಗಾಂಧಾರ ಸ್ವಲ್ಪ ಇಳಿಸು ಅಂದ್ರು ಅತ್ತೆ

ಎಲ್ರಿಗೂ ನಮಸ್ಕಾರ. ಕಂಪ್ಯೂಟರ್ ಕೀಬೋರ್ಡನ್ನೇ ಪಿಯಾನೋ ಥರ ನುಡಿಸೋ ಒಂದು ಪುಟ್ಟ ಪ್ರೋಗ್ರಾಂ ಮಾಡಿದೀನಿ, ಅದರ ಕಥೆ ಹೇಳ್ತೀನಿ. ನಮ್ಮನೇಲಿ ಸೋದರತ್ತೆ ಇದಾರೆ, ಸಂಜೆ ಹೊತ್ತು ಬೀದಿ ಮಕ್ಕಳಿಗೆ ಸಂಗೀತ ಹೇಳ್ಕೊಡ್ತಾರೆ. ಅವರ ಪಾಠಕ್ಕೆ ಉಪಯೋಗ ಆಗ್ಲಿ ಅಂತ್ಲೇ ಶುರು ಮಾಡಿದ್ದು.

ಇದಕ್ಕೆ ಏನೂ ಇನ್‌ಸ್ಟಾಲ್ ಮಾಡ್ಬೇಕಾಗಿಲ್ಲ, ಒಂದು ಬ್ರೌಸರ್ ಇದ್ರೆ ಸಾಕು. ಬ್ರೌಸರ್ ಒಳಗೇ ವೆಬ್ ಆಡಿಯೋ ಅಂತ ಒಂದು ವ್ಯವಸ್ಥೆ ಇದೆ, ಅದರಲ್ಲಿ ಆಸಿಲೇಟರ್ ಅಂತ ಒಂದನ್ನ ಹುಟ್ಟಿಸಿ ಸೆಕೆಂಡಿಗೆ ಎಷ್ಟು ಸಲ ಕಂಪಿಸ್ಬೇಕು ಅಂತ ಹೇಳಿದ್ರೆ ಅದು ಹಾಡತ್ತೆ. 440 ಅಂದ್ರೆ ಪಾಶ್ಚಾತ್ಯರ ಎ ಸ್ವರ. ಅಲ್ಲಿಂದ ಒಂದೊಂದು ಮನೆ (ಅಂದ್ರೆ ಪಿಯಾನೋದ ಕೀ, ಬಿಳಿ ಕಪ್ಪು ಎಲ್ಲಾ ಸೇರಿ) ಮೇಲೆ ಹೋಗೋಕೂ ಸುಮಾರು 1.0595ರಿಂದ ಗುಣಿಸ್ತಾ ಹೋಗಿ, 12 ಸಲ ಗುಣಿಸಿದ್ರೆ ಎರಡರಷ್ಟು ಆಗತ್ತೆ, ಅದೇ ಮೇಲಿನ ಸ್ಥಾಯಿ. ಎ ಇಂದ ಕೆ ವರೆಗಿನ ಸಾಲಿನ ಕೀಗಳು ಬಿಳಿ ಮನೆ, ಅದರ ಮೇಲಿನ ಸಾಲಲ್ಲಿ ಡಬ್ಲ್ಯೂ, ಇ, ಟಿ, ವೈ, ಯು ಕಪ್ಪು ಮನೆ. ಮೊದಲ ದಿನ ಅರ್ಧ ಗಂಟೇಲೇ ಸದ್ದು ಬಂತು, ನಂಗೆ ಆದ ಖುಷಿ ಅಷ್ಟಿಷ್ಟಲ್ಲ.

ಸದ್ದು ಬರ್ಸೋದು ಸುಲಭ ಕಣ್ರೀ, ನಿಲ್ಸೋದೇ ಕಷ್ಟ. ಕೀ ಒತ್ತಿ ಹಿಡ್ಕೊಂಡ್ರೆ ಕಂಪ್ಯೂಟರ್ ಅದನ್ನ ಮತ್ತೆ ಮತ್ತೆ ಒತ್ತಿದ ಹಾಗೇ ಲೆಕ್ಕ ಹಾಕತ್ತೆ (ಟೈಪ್ ಮಾಡುವಾಗ ಅಕ್ಷರ ಸಾಲಾಗಿ ಬರತ್ತಲ್ಲ, ಹಾಗೆ), ಪ್ರತಿ ಸಲಾನೂ ಒಂದು ಹೊಸ ಆಸಿಲೇಟರ್ ಹುಟ್ಕೊಂಡು ಒಂದರ ಮೇಲೊಂದು ಕೂಗೋಕೆ ಶುರು ಮಾಡ್ತವೆ, ಕೈ ತೆಗೆದಾಗ ಕೊನೇದು ಮಾತ್ರ ನಿಲ್ಲತ್ತೆ, ಮಿಕ್ಕಿದ್ದೆಲ್ಲ ಕೂಗ್ತಾನೇ ಇರ್ತವೆ. ಯಾವ ಕೀ ಈಗ ಒತ್ತಿದೆ ಅಂತ ನೆನಪಿಟ್ಕೊಂಡು, ಅದು ಆಗಲೇ ನುಡೀತಾ ಇದ್ರೆ ಸುಮ್ನಿರು ಅಂತ ಒಂದು ಸಾಲು ಬರೆದ ಮೇಲೆ ಸರಿಹೋಯ್ತು. ಆಮೇಲೆ ಇನ್ನೊಂದು. ಪ್ರತಿ ಸ್ವರ ಮುಗಿಯುವಾಗಲೂ ಟಿಕ್ ಅಂತ ಒಂದು ಸದ್ದು, ಸ್ಪೀಕರ್ ಹಾಳಾಗಿದೆ ಅಂದ್ಕೊಂಡಿದ್ದೆ, ಅದಲ್ಲ. ಅಲೆ ಮೇಲೆದ್ದಿರುವಾಗಲೇ ಕಡಿದುಬಿಟ್ರೆ ಅದು ಒಂದೇ ಏಟಿಗೆ ಸೊನ್ನೆಗೆ ಬೀಳತ್ತೆ, ಆ ಬಿದ್ದ ಸದ್ದೇ ಟಿಕ್. ಅದಕ್ಕೆ ವಾಲ್ಯೂಮನ್ನ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ಮೆಲ್ಲಗೆ ಇಳಿಸಿ ಆಮೇಲೆ ನಿಲ್ಲಿಸ್ಬೇಕು. ಎಕ್ಸ್‌ಪೊನೆನ್ಷಿಯಲ್ ರೀತೀಲಿ (ಪ್ರತಿ ಹೆಜ್ಜೆಗೂ ಇದ್ದದ್ದರ ಇಷ್ಟು ಪಾಲು ಅಂತ ಇಳಿಸೋದು) ಪೂರ್ತಿ ಸೊನ್ನೆಗೇ ಇಳಿಸು ಅಂದ್ರೆ ಎರರ್ ಕೊಡತ್ತೆ, 0.001 ಅಂತ ಕೊಡಿ.

ಒಂದು ಸ್ವರ ನುಡೀತಿರುವಾಗ ಬೇರೆ ಟ್ಯಾಬಿಗೆ ಹೋದ್ರೆ ಕೈ ತೆಗೆದದ್ದು ಅದಕ್ಕೆ ಗೊತ್ತೇ ಆಗಲ್ಲ, ಅದಕ್ಕೂ ಒಂದು ಸಾಲು ಬೇಕು. ಕೆಲವು ಕೀಬೋರ್ಡಲ್ಲಿ ಮೂರು ಕೀ ಒಟ್ಟಿಗೆ ಒತ್ತಿದ್ರೆ ಮೂರನೇದು ನುಡಿಯೋದೇ ಇಲ್ಲ, ಅದು ಕೀಬೋರ್ಡಿನ ಒಳಗಿನ ವೈರಿಂಗ್ ಮಿತಿ, ನಿಮ್ಮ ಕೋಡ್ ತಪ್ಪಲ್ಲ, ರಾತ್ರಿ ಎಲ್ಲಾ ಹುಡುಕ್ಬೇಡಿ.

ಇಷ್ಟಾದ ಮೇಲೆ ಅತ್ತೇನ ಕೂರಿಸಿ ಮಾಯಾಮಾಳವಗೌಳ ರಾಗದ ಸರಳೆ ವರಸೆ (ಸಂಗೀತ ಕಲಿಯೋರ ಮೊದಲ ಸರಿಗಮ ಪಾಠ) ನುಡಿಸ್ದೆ. ಎ, ಡಬ್ಲ್ಯೂ, ಡಿ, ಎಫ್, ಜಿ, ವೈ, ಜೆ, ಕೆ, ಬೆರಳು ಹೋಗೋ ದಾರಿ ಇಷ್ಟೇ. "ನಂದು ಐದು ಮನೆ ಶ್ರುತಿ ಕಣೋ" ಅಂದ್ರು, ಅಂದ್ರೆ ಅವರ ಷಡ್ಜ (ಸ) ಐದನೇ ಬಿಳಿ ಮನೇಲಿ. ಷಡ್ಜನ 196ಕ್ಕೆ ಬದಲಾಯಿಸಿದ್ದೇ ಎಲ್ಲಾ ಸ್ವರಗಳೂ ಜೊತೇಲೇ ಕೆಳಗಿಳಿದ್ವು, ಬೆರಳು ಮಾತ್ರ ಅಲ್ಲೇ. ಆಮೇಲೆ ತಂಬೂರಿ ಹಾಕಿ, ಅದರ ಜೊತೆ ಕೇಳಿ, "ಗಾಂಧಾರ ಏರಿದೆ, ಸ್ವಲ್ಪ ಇಳಿಸು" ಅಂದ್ರು. ಗಾಂಧಾರ ಅಂದ್ರೆ ಸರಿಗಮದ ಗ, ಅದು ಏರಿದ್ದು ನಂಗೆ ಕೇಳ್ಸಿರ್ಲೇ ಇಲ್ಲ.

ಲೆಕ್ಕ ಹಾಕಿ ನೋಡಿದ್ರೆ ಅವರು ಹೇಳಿದ್ದೇ ಸರಿ. ಪಿಯಾನೋ ಲೆಕ್ಕದಲ್ಲಿ ಈ ರಾಗದ ಗಾಂಧಾರ (ಅಂತರ ಗಾಂಧಾರ ಅಂತಾರೆ) 246.94ಕ್ಕೆ ಬರತ್ತೆ, ಆದ್ರೆ ತಂಬೂರಿಗೆ ಸೇರೋ ಗಾಂಧಾರ ಷಡ್ಜದ ಒಂದೂಕಾಲು ಪಾಲು, ಅಂದ್ರೆ 245. ಎರಡೇ ಎರಡು ಕಂಪನದ ವ್ಯತ್ಯಾಸ. ಆದ್ರೆ ತಂಬೂರಿ ಷಡ್ಜದ ಒಳಗೇ ಅದರ ಐದರಷ್ಟರ ಸ್ವರ, 980, ಕೇಳ್ತಾ ಇರತ್ತೆ, ನನ್ನ ಗಾಂಧಾರದ ನಾಲ್ಕರಷ್ಟು ಹತ್ತಿರ ಹತ್ತಿರ 988, ಇವೆರಡೂ ತಿಕ್ಕಾಡಿ ಸೆಕೆಂಡಿಗೆ ಎಂಟು ಸಲ ನಡುಗ್ತವೆ. ಆ ನಡುಕ ಅತ್ತೆ ಕಿವಿಗೆ ಸಿಕ್ತು. (ನಾನು ಹಾರ್ಮೋನಿಯಂ ಥರ ಕೇಳ್ಲಿ ಅಂತ ಸಾಟೂತ್ ಅನ್ನೋ ಗರಗಸದ ಹಲ್ಲಿನಂಥ ಅಲೆ ಹಾಕಿದ್ದೆ, ಬರೀ ನುಣುಪಾದ ಸೈನ್ ಅಲೆ ಆಗಿದ್ರೆ ಅದರಲ್ಲಿ ಈ ನಾಲ್ಕರಷ್ಟರ ಸ್ವರ ಇರ್ತಾನೇ ಇರ್ಲಿಲ್ಲ.) 1.26 ಇದ್ದ ಜಾಗದಲ್ಲಿ 1.25 ಅಂತ ಬರೆದೆ, ಪಂಚಮಕ್ಕೆ (ಪ) 1.5, ಮಧ್ಯಮಕ್ಕೆ (ಮ) ಮೂರನೇ ನಾಲ್ಕು ಪಾಲು. ಮತ್ತೆ ನುಡಿಸ್ದಾಗ ಅತ್ತೆ ಏನೂ ಹೇಳ್ಲಿಲ್ಲ, ಕಣ್ಣು ಮುಚ್ಚಿ ಜೊತೇಲಿ ಹಾಡೋಕೆ ಶುರು ಮಾಡಿದ್ರು. ನಿಜವಾದ ಪಿಯಾನೋ ಆಗಿದ್ರೆ 200ಕ್ಕೂ ಜಾಸ್ತಿ ತಂತಿ, ಟ್ಯೂನರ್ ಬಂದು ಗಂಟೆಗಟ್ಟಲೆ ಕೂರ್ಬೇಕಿತ್ತು.

ಇದನ್ನ ರೇಡಿಯೋದಲ್ಲಿ ಹೇಳುವಾಗ ಒಂದು ವಿಷಯ ನೆನಪಾಗತ್ತೆ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂನ ಬಾನುಲಿಯಿಂದಲೇ ಹೊರಗಿಟ್ಟಿತ್ತು, 1971ರಲ್ಲಿ ಸಡಿಲಿಸೋವರೆಗೂ. ಆಗಿನವರ ತಕರಾರು ಇದೇ: ಸ್ವರಗಳು ಗಟ್ಟಿಯಾಗಿ ಕೂತ್ಬಿಟ್ಟಿವೆ, ನಮ್ಮ ಶ್ರುತಿಗೆ ಸೇರಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋಕೂ ಆಗಲ್ಲ. ಎಷ್ಟೋ ಒಳ್ಳೇ ಹಾರ್ಮೋನಿಯಂ ವಾದಕರಿಗೆ ಅದರಿಂದ ನೋವಾಗಿದ್ದು ನಿಜ, ನಂಗೆ ಆ ನಿಷೇಧ ಸರಿ ಅನ್ಸಲ್ಲ, ಆದ್ರೆ ಅವರ ಕಿವಿ ಹೇಳಿದ್ದು ಸುಳ್ಳಲ್ಲ ಅಂತ ಈಗ ಗೊತ್ತಾಗಿದೆ.

ಶ್ರುತಿ ಒಂದು ಸಂಖ್ಯೆ ಬದಲಾಯಿಸಿದ್ರೆ ಸರಿಹೋಗತ್ತೆ, ಜಾರೋದು (ಸಂಗೀತದಲ್ಲಿ ಗಮಕ ಅಂತಾರಲ್ಲ, ಅದು) ಹಾಗಲ್ಲ. ಆಸಿಲೇಟರಿಗೆ ಇಷ್ಟು ಹೊತ್ತಲ್ಲಿ ಇಲ್ಲಿಂದ ಅಲ್ಲಿಗೆ ಹೋಗು ಅಂತ ಹೇಳ್ಬೋದು, ಹೇಳ್ದೆ ಕೂಡ. ನಿಷಾದದಿಂದ (ನಿ) ಷಡ್ಜಕ್ಕೆ ನೇರ ಗೆರೆ ಎಳೆದ ಹಾಗೆ ಹೋಯ್ತು, ಅತ್ತೆ ತಲೆ ಅಲ್ಲಾಡಿಸಿ, "ಗಮಕ ಹಾಗೆ ಓಡಲ್ಲಪ್ಪ, ಅದು ತೂಗತ್ತೆ" ಅಂತ ಕೈಯಲ್ಲಿ ತೋರಿಸ್ತಾ ಹಾಡಿದ್ರು. ಅದನ್ನ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡಿದೀನಿ, ಸದ್ಯಕ್ಕೆ ಅದನ್ನೇ ನಿಧಾನ ಮಾಡಿ ಮತ್ತೆ ಮತ್ತೆ ಕೇಳ್ತಾ, ಎಲ್ಲಿ ಏರತ್ತೆ ಎಲ್ಲಿ ನಿಲ್ಲತ್ತೆ ಅಂತ ಒಂದೊಂದೇ ಸಂಖ್ಯೆ ಬರ್ಕೊಳ್ತಾ ಇದೀನಿ. ನಮಸ್ಕಾರ.